ಪೂಜೆಯಲ್ಲದ ಮೌನ

ಆ ಮಧ್ಯಾಹ್ನ ನಾನು ಪೂಜೆಯಲ್ಲಿರಲಿಲ್ಲ, ಸುನೀತಾ. ಅಂಗೈಯಲ್ಲಿ ಇಷ್ಟಲಿಂಗವಿತ್ತು, ಹಣೆಯಲ್ಲಿ ವಿಭೂತಿಯಿತ್ತು, ಕಣ್ಣುಗಳು ಮುಚ್ಚಿದ್ದವು — ಆದರೆ ಕಿವಿ ಮಾತ್ರ ಪಡಸಾಲೆಯಲ್ಲಿ ನಿಂತ ನಿಮ್ಮ ಕಡೆಗಿತ್ತು. ಶಿವನನ್ನು ಮರೆ ಮಾಡಿಕೊಂಡು ನಾನು ನಿನ್ನಿಂದ ಅಡಗಿ ಕುಳಿತಿದ್ದೆ.

ಇದನ್ನು ಓದುವ ಇತರರಿಗೆ ನೀನು ಯಾರೆಂದು ತಿಳಿಯಬೇಕು. ನಿನ್ನ ತಂದೆ ರಾಮಶರಣ ಬಿಹಾರದಿಂದ ಅಣ್ಣಿಗೇರಿಯ ಬೇಳೆ ಕಾರ್ಖಾನೆಗೆ ದುಡಿಯಲು ಬಂದಾಗ ನೀನು ತಾಯಿಯ ಕಂಕುಳಲ್ಲಿದ್ದೆ. ನಮ್ಮ ಮನೆಯ ಕಟ್ಟೆಯ ಮೇಲೆಯೇ ಕನ್ನಡದ ಅಕ್ಷರ ತಿದ್ದಿದೆ. ನಾನು ಕಲಿಸಿದ ಸಂಸ್ಕೃತ ಶ್ಲೋಕಗಳನ್ನು ನನ್ನ ಮೊಮ್ಮಕ್ಕಳಿಗಿಂತ ಸ್ಪಷ್ಟವಾಗಿ ಹೇಳುತ್ತಿದ್ದೆ. ಬಂದವರ ಮುಂದೆಲ್ಲ ನಿನ್ನಿಂದ ಹೇಳಿಸಿ ಹಿಗ್ಗುತ್ತಿದ್ದವನು ನಾನು. ಆ ಹಿಗ್ಗು ನಿನ್ನ ಕೆಲಸಕ್ಕೆ ಬರಬೇಕಾದ ದಿನ —

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಯಬೇಕಾದರೆ ನೀನು ಎಲ್ಲಿಯಾದರೂ ಇಂಟರ್ನ್‌ಶಿಪ್ ಮಾಡಲೇಬೇಕಿತ್ತು. ನಮ್ಮೂರಿನ ಮಕ್ಕಳಿಗೆ ಅದೇನೂ ದೊಡ್ಡ ಮಾತಲ್ಲ. ಒಬ್ಬನಿಗೆ ಕಾಕಾನ ಗಿರಣಿ, ಇನ್ನೊಬ್ಬಳಿಗೆ ಸೋದರಮಾವನ ವರ್ಕ್‌ಶಾಪ್. ನಿನಗೆ ಈ ನೆಲದಲ್ಲಿ ಕಾಕಾನೂ ಇರಲಿಲ್ಲ, ಮಾವನೂ ಇರಲಿಲ್ಲ. ಯಂತ್ರದ ಮುಂದೆ ನಿಂತು ಕೈ ಪಳಗಿಸಿಕೊಳ್ಳಲು, ಈ ಹುಡುಗಿಗೆ ಕೆಲಸ ಬರುತ್ತದೆಂದು ಜನ ಕಣ್ಣಾರೆ ಕಾಣಲು, ನಿನಗಿದ್ದ ದಾರಿ ಆ ಕೆಲವು ತಿಂಗಳುಗಳ ತರಬೇತಿಯೊಂದೇ.

ನನ್ನ ಹಳೆಯ ಶಿಷ್ಯ ಶಿವಾನಂದ ಊರ ಹೊರಗೆ ಬಿತ್ತನೆ ಬೀಜ ಸ್ವಚ್ಛಗೊಳಿಸುವ ಘಟಕ ನಡೆಸುತ್ತಾನೆ. ಅಲ್ಲಿ ಒಂದು ಸ್ಥಳವಿತ್ತು. ನಮ್ಮ ಕಡೆ ಒಂದು ರೂಢಿಯಿದೆ — ಹೊಸಬರನ್ನು ಒಳಗೆ ಸೇರಿಸಿಕೊಳ್ಳುವ ಮುನ್ನ ಊರ ಹಿರಿಯರೊಬ್ಬರು ಎದುರಿಗೇ "ಗೊತ್ತಿದ್ದವರು" ಎನ್ನಬೇಕು. ಆ ಒಂದು ಮಾತಿಗಾಗಿ ಅವನು ನಿನ್ನನ್ನೂ ನಿನ್ನ ತಂದೆಯನ್ನೂ ಕರೆದುಕೊಂಡು ಬರುವವನಿದ್ದ.

ಹಿಂದಿನ ಸಂಜೆ ಗುಡಿಯ ಕಟ್ಟೆಯ ಮೇಲೆ ಗೆಳೆಯನೊಬ್ಬ ನಕ್ಕಿದ್ದ: "ಏನ್ರಿ ಗುರುಗಳ, ಪರದೇಶಿ ಮಂದಿ ಸಲುವಾಗಿ ಮಾತು ಕೊಡಾಕ ಹೊಂಟೀರಂತ? ನಾಳಿ ಅವರು ಗಂಟುಮೂಟಿ ಕಟ್ಟಿದ್ರ, ಮಂದಿ ನಿಮ್ಮ ಮನಿ ಬಾಗಲಕ್ಕ ಬರ್ತಾರ ನೋಡ್ರಿ ಮತ್ತ!" ನಾನೂ ನಕ್ಕೆ. ರಾತ್ರಿಯೆಲ್ಲ ಆ ನಗು ಒಳಗೆ ಮುಳ್ಳಿನಂತೆ ಚುಚ್ಚಿತು. ನನ್ನ ಹೆಸರು — ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು...

ಕಿಟಕಿಯಲ್ಲಿ ನಿಮ್ಮ ಮೂವರನ್ನು ಕಂಡೊಡನೆ ಎದ್ದು, ಒಳಗೆ ಹೋಗಿ ಪೂಜೆಯ ಮಣೆಯ ಮೇಲೆ ಕುಳಿತುಬಿಟ್ಟೆ. ಪೂಜೆಗೆ ಕುಳಿತವರನ್ನು ಯಾರೂ ಮಾತನಾಡಿಸಬಾರದು. ಅದು ನಮ್ಮ ಮನೆಯ ಕಟ್ಟುನಿಟ್ಟು.

"ಗುರುಗಳ, ಒಂದ ಮಾತ್ರಿ. 'ಗೊತ್ತಿದ್ದಾಕಿ' ಅಂದ್ರ ಸಾಕು," ಶಿವಾನಂದ ಬಾಗಿಲಲ್ಲಿ ನಿಂತು ಕರೆದ. ನಾನು ಇಷ್ಟಲಿಂಗದ ಮೇಲೆ ಇನ್ನಷ್ಟು ಬಾಗಿದೆ. ಅವನು ನಿನ್ನ ಕಡೆ ತಿರುಗಿ, "ಇವರು ಶಿವನ ಜೋಡಿ ಮಾತಿಗೆ ಕುಂತ್ರ ನಮ್ಮ ಪಾಳಿ ಯಾವಾಗವ್ವಾ? ಕಾಲೇಜಿನವರಿಗೆ ಇವತ್ತ ಹೆಸರು ಹೇಳಬೇಕಾಗೇತಿ," ಎಂದ.

ತಲೆಯಾಡಿಸಿದ್ದರೂ ಸಾಕಾಗುತ್ತಿತ್ತು. ಆಡಿಸಲಿಲ್ಲ.

ಅಂದು ನಸುಕಿನಲ್ಲಿ ಬಿಲ್ವಪತ್ರೆ ತಂದುಕೊಟ್ಟವಳು ನೀನೇ. ಪೂಜೆ ಮುಗಿಸಿ ನಿನ್ನ ಕೈಗೆ ಪ್ರಸಾದವನ್ನೂ ಇಟ್ಟಿದ್ದೆ. ಮಧ್ಯಾಹ್ನ ನಾನು ಎಂದೂ ಪೂಜೆಗೆ ಕೂಡುವುದಿಲ್ಲವೆಂದು ಆ ಪಡಸಾಲೆಯಲ್ಲಿ ಬಲ್ಲವಳು ನೀನೊಬ್ಬಳೇ. ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ. ಆದರೆ ನಿನ್ನ ದನಿ ಶಾಂತವಾಗಿ ಬಂತು:

"ಅಜ್ಜಾರು ಪೂಜಿ ನಡುವ ಮಾತಾಡಂಗಿಲ್ರಿ, ಸಾವ್ಕಾರ್ರ. ನಡೀರಿ, ಹೋಗೂಣು."

ನನ್ನ ಸುಳ್ಳನ್ನು ನೀನು ಕಾಪಾಡಿದೆ.

ಅಂದು ಸಂಜೆಯವರೆಗೂ ಸಮಯವಿತ್ತು. ಫೋನು ಕೈಗೆಟುಕುವಲ್ಲೇ ಇತ್ತು, ಶಿವಾನಂದನನ್ನು ಮತ್ತೆ ಕರೆಯಲಿಲ್ಲ. ಆ ಸ್ಥಳ ನಮ್ಮೂರಿನ ಬೇರೊಬ್ಬಳಿಗೆ ಹೋಯಿತು. ತರಬೇತಿ ಮುಗಿಸಿ ಅವಳು ಇಂದು ಅಲ್ಲಿಯೇ ಯಂತ್ರಗಳ ಉಸ್ತುವಾರಿ ನೋಡುತ್ತಾಳೆ. ಅವಳದೇನೂ ತಪ್ಪಿಲ್ಲ. ಬೇರೆಲ್ಲೂ ಸ್ಥಳ ಸಿಗದೆ ನಿನ್ನ ಡಿಪ್ಲೊಮಾ ಅರ್ಧಕ್ಕೆ ನಿಂತಿತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಸೀರೆ ಮಡಚುತ್ತೀಯೆಂದು ಕೇಳಿದ್ದೇನೆ. ಆ ಕೆಲಸ ಕೀಳೆಂದಲ್ಲ — ಅದು ನೀನು ಆರಿಸಿಕೊಂಡದ್ದಲ್ಲ.

ಕೆಲವು ದಿನಗಳ ಹಿಂದೆ ಶಿವಾನಂದನಿಗೆ ನಿಜ ಹೇಳಿದೆ. ಇನ್ನು ಮೇಲೆ ತರಬೇತಿಗೆ ಬರುವ ಮಕ್ಕಳ ಕೈಕೆಲಸ ನೋಡಿ ಸೇರಿಸಿಕೋ, ನನ್ನಂಥವರನ್ನು ಕೇಳಬೇಡ ಎಂದೆ. "ಆಗಲ್ರಿ. ಅದನ್ನ ಮನಸಿಗೆ ಹಚ್ಚಿಕೋಬ್ಯಾಡ್ರಿ ಗುರುಗಳ, ಹಳೀ ಮಾತು," ಎಂದ. ಅವನಿಗೆ ಹಳೆಯದು.

ಇನ್ನೂ ಒಂದಿದೆ. ಅದನ್ನು ಹೇಳದಿದ್ದರೆ ಇಲ್ಲಿಯವರೆಗಿನದೆಲ್ಲ ಅರ್ಧ ಸುಳ್ಳು. ಸ್ಥಳ ಕೈತಪ್ಪಿದ ಮೇಲೆ ಒಂದು ದಿನ ನಿನ್ನ ತಂದೆ ಬಂದಿದ್ದ. ನಾನು ಬಾಯಿ ತೆರೆಯುವ ಮೊದಲೇ ಕೈ ಮುಗಿದ.

"ತಪ್ಪು ನಮ್ದು ಐತ್ರಿ, ಅಜ್ಜಾರ. ಪೂಜಾ ಟೈಮಿನ್ಯಾಗ ಬಂದು ತ್ರಾಸ ಕೊಟ್ವಿ. ಮಾಫ್ ಮಾಡ್ರಿ."

ನೀನು ಅವನಿಗೂ ಹೇಳಿರಲಿಲ್ಲ! ಆಗಲಾದರೂ ನಾನು... ಇಲ್ಲ. ಬಾಗಿದ ಆ ತಲೆಯ ಮೇಲೆ ಕೈಯಿಟ್ಟು, "ಇರ್ಲಿ ಬಿಡಪಾ," ಎಂದೆ. ತಪ್ಪು ಮಾಡಿದವನು ನಾನು. ಕ್ಷಮಿಸಿದವನೂ ನಾನೇ ಆದೆ.

ದಾರಿಯಲ್ಲಿ ಕಂಡರೆ ಅವನು ಈಗಲೂ ಬಾಗುತ್ತಾನೆ. ಅವನಿಗೆ ಕನ್ನಡ ಓದಲು ಬಾರದು. ನಾಳೆ ಅವನ ಮನೆಗೆ ಹೋಗಿ ಇದನ್ನು ನಾನೇ ಓದಿ ಹೇಳುತ್ತೇನೆ — ಅವನು ಕೂಡ್ರಿ ಎಂದರೂ ಕುಳಿತುಕೊಳ್ಳದೆ, ನಿಂತುಕೊಂಡು.