ಬೆಳಗಾದರೆ ಅರಬಿಗೆ ತಿರುಗುತ್ತಿದ್ದ ಕೀಬೋರ್ಡು

ಆ ಕಂಪ್ಯೂಟರ್ ನಮ್ಮ ಮನೆಗೆ ಬಂದದ್ದು ಎರಡು ಕಂಬಳಿ, ಹಾಲಿನ ಪುಡಿಯ ಡಬ್ಬ ಮತ್ತು ಮಂಡಿನೋವಿನ ಎಣ್ಣೆಯ ಜೊತೆಗೆ, ಒಂದೇ ಕಾರ್ಗೋ ಪೆಟ್ಟಿಗೆಯಲ್ಲಿ. ಇವರು, ನನ್ನ ಗಂಡ, ಆಗ ಸೌದಿಯ ದಮ್ಮಾಮಿನ ಒಂದು ಕಂಪೆನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯದೊಂದನ್ನು ಕೇಳಿ ಪಡೆದು ಕಲ್ಲಡ್ಕಕ್ಕೆ ಕಳಿಸಿದ್ದರು. ಮದುವೆಗೆ ಮೊದಲು ನಾನು ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆನೆಂದು ಎಂದೋ ಮಾತಿನ ನಡುವೆ ಹೇಳಿದ್ದು ಅವರಿಗೆ ನೆನಪಿತ್ತು. ಪೆಟ್ಟಿಗೆ ಬಿಚ್ಚುವಾಗ ನನಗೆ ಸಂತೋಷವಾದದ್ದು ಆ ನೆನಪಿಗೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮನೆಯಲ್ಲಿ ಇದ್ದದ್ದು ನಾನು ಮತ್ತು ಇವರ ತಾಯಿ. ಅವರನ್ನು ನಾನು ಮಾಮಿ ಎಂದು ಕರೆಯುತ್ತಿದ್ದೆ. ಶುಕ್ರವಾರ ಮಧ್ಯಾಹ್ನ ಇವರ ಫೋನು ಬರುತ್ತಿತ್ತು. ಫೋನು ಇದ್ದದ್ದು ಚಾವಡಿಯಲ್ಲಿ, ಮಾಮಿ ಕೂರುತ್ತಿದ್ದದ್ದು ಫೋನಿನ ಪಕ್ಕದಲ್ಲಿ. ಮಾತು ಮುಗಿಸಿ ರಿಸೀವರ್ ನನ್ನ ಕೈಗೆ ಕೊಟ್ಟ ಮೇಲೂ ಅವರು ಅಲ್ಲಿಂದ ಏಳುತ್ತಿರಲಿಲ್ಲ. ‘ಊಟ ಆಯ್ತಾ?’, ‘ಆಯ್ತು. ನಿಮ್ಮದು?’, ‘ಆಯ್ತು.’ ನಮ್ಮ ಸಂಸಾರ ನಡೆದದ್ದೇ ಈ ಊಟದ ಲೆಕ್ಕಾಚಾರದಲ್ಲಿ.

ಕಾಗದ ಬರೆಯಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ನಮ್ಮ ಕಡೆಯ ಕಾಗದ ಅಂಚೆಯಲ್ಲಿ ಹೋಗುವುದಕ್ಕಿಂತ ರಜೆ ಮುಗಿಸಿ ಹೋಗುವವರ ಕೈಯಲ್ಲಿ ಹೋದದ್ದೇ ಹೆಚ್ಚು. ಉಪ್ಪಿನಕಾಯಿಯ ಜೊತೆ, ಹಪ್ಪಳದ ಜೊತೆ, ಅಂಟಿಸದೆ. ಮಾಮಿಗೆ ಕನ್ನಡ ಬರೆಯಲು ಬಾರದು, ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಕೊನೆಯಲ್ಲಿ ಉಳಿದ ಮೂರು ಗೆರೆಯಷ್ಟು ಜಾಗ ನನ್ನದು. ಅಲ್ಲಿ ಇವರ ರೂಮಿನಲ್ಲಿ ಆರು ಜನ, ಊರಿಂದ ಬಂದ ಕಾಗದ ಆರು ಜನರದ್ದೂ ಹೌದು. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಅಂಥ ಕಾಗದದಲ್ಲಿ ಒಬ್ಬ ಹೆಂಡತಿ ಏನು ತಾನೇ ಬರೆದಾಳು?

ಹಾಗಾಗಿ ನನಗೆ ಆ ಕಂಪ್ಯೂಟರ್ ಬೇಕಿತ್ತು. ಬೇರೆ ಯಾರೂ ಓದದಂತೆ, ನನ್ನ ಗಂಡನಿಗೆ ಮಾತ್ರ, ಅವರು ಕಲಿತ ಕನ್ನಡದಲ್ಲಿ ಬರೆಯಬೇಕಿತ್ತು. ಇವರೂ ಅಲ್ಲಿ ಯಾರನ್ನೋ ಕಾಡಿಬೇಡಿ ಆಫೀಸಿನ ಕಂಪ್ಯೂಟರಿನಲ್ಲಿ ಕನ್ನಡ ಕಾಣುವಂತೆ ಮಾಡಿಸಿಕೊಂಡಿದ್ದರು. ಬಿ.ಸಿ. ರೋಡಿನಿಂದ ರಿಪೇರಿಯ ಯುವಕನೊಬ್ಬ ಬಂದು ಕನ್ನಡ ಹಾಕಿಕೊಟ್ಟ, ಫೋನಿನ ವಯರಿನಿಂದ ಈಮೇಲ್ ಹೋಗುವ ಹಾಗೆಯೂ ಮಾಡಿದ. ಕೀಗಳ ಮೇಲೆ ಮೊದಲೇ ಇಂಗ್ಲಿಷಿನ ಜೊತೆ ಅರಬಿ ಅಕ್ಷರಗಳಿದ್ದವು. ನಾನು ಸಣ್ಣ ಸಣ್ಣ ಚೀಟಿಗಳಲ್ಲಿ ಕನ್ನಡ ಅಕ್ಷರ ಬರೆದು ಅರಬಿಯ ಮೇಲೆ ಟೇಪು ಹಚ್ಚಿ ಅಂಟಿಸಿದೆ.

ಮಾರನೆಯ ದಿನ ಬೆಳಿಗ್ಗೆ ಹಾಕಿದರೆ ಕನ್ನಡ ಇಲ್ಲ. ಒಂದು ಕೀ ಒತ್ತಿದರೆ ಕರ್ಸರ್ ಬಲಗಡೆಗೆ ಓಡಿ ನಿಂತಿತು, ಪರದೆಯ ಮೇಲೆ ಅರಬಿ ಅಕ್ಷರ ಬಿತ್ತು. ಮೂಲೆಯ ಗಡಿಯಾರವೂ ದಮ್ಮಾಮಿನ ಸಮಯಕ್ಕೆ ಹೋಗಿತ್ತು, ನಮಗಿಂತ ಎರಡೂವರೆ ಗಂಟೆ ಹಿಂದೆ. ಮೂಲೆಯ ಎರಡು ಕೀ ಒಟ್ಟಿಗೆ ಒತ್ತಿ ಕನ್ನಡಕ್ಕೆ ಬದಲಾಯಿಸಿದೆ. ಮರುದಿನ ಮತ್ತೆ ಅರಬಿ. ಯುವಕ ಬಂದ, ಸರಿ ಮಾಡಿದ, ಹೋದ. ಮರುದಿನ ಮತ್ತೆ ಅರಬಿ. ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಅಷ್ಟು ದೂರದಿಂದ ಬಂದ ಕಂಪ್ಯೂಟರಿಗೆ ದಿನಾ ಬೆಳಿಗ್ಗೆ ಅಲ್ಲಿಗೇ ವಾಪಸು ಹೋಗುವ ಚಪಲ, ಬರಬೇಕಾದವರಿಗೆ ಮಾತ್ರ ಇತ್ತ ಬರುವ ಯೋಚನೆಯಿಲ್ಲ!

ಮಾಮಿಗೆ ಇದೇನೂ ತೊಂದರೆಯಾಗಿ ಕಾಣಲಿಲ್ಲ. ಮದ್ರಸದಲ್ಲಿ ಕಲಿತ ಅರಬಿ ಅಕ್ಷರಗಳು ನಮ್ಮಿಬ್ಬರಿಗೂ ಗೊತ್ತು. ಕುರ್‌ಆನ್ ಓದುತ್ತೇವೆ, ಅರ್ಥ ತಿಳಿಯದಿದ್ದರೂ ತಪ್ಪಿಲ್ಲದೆ ಓದುತ್ತೇವೆ. ಪರದೆಯ ಮೇಲೆ ಆ ಅಕ್ಷರಗಳನ್ನು ಕಂಡು ಮಾಮಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು.

“ಒಳ್ಳೆ ಅಕ್ಷರವೇ ಬರ್ತದಲ್ಲ ಮಗಳೇ. ಅದನ್ನು ಯಾಕೆ ತೆಗೀತೀ?” ಎಂದರು.

ನಮ್ಮ ಮನೆಯ ಮಾತು ಬ್ಯಾರಿ. ನಾವು ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಮೂರನೆಯ ಸಲ ಬಂದಾಗ ಯುವಕ ಹಟ ಹಿಡಿದು ಕೂತ. ಮಧ್ಯಾಹ್ನವಿಡೀ ಏನೇನೋ ತೆರೆದ, ಮುಚ್ಚಿದ. ಎಲ್ಲ ಮುಗಿಸಿ, “ಇನ್ನು ಇದು ಅಲುಗಾಡ್ಲಿಕ್ಕಿಲ್ಲ ಅಕ್ಕ” ಎಂದು ಬೆನ್ನು ನೆಟ್ಟಗೆ ಮಾಡುವಾಗ ಮಸೀದಿಯಿಂದ ಅಸರ್ ಬಾಂಗ್, ಇಳಿಹೊತ್ತಿನ ನಮಾಜಿನ ಕರೆ, ಆಯಿತು. ಮಾಮಿ ಒಳಗಿಂದ ಬಂದು, ಅವನ ಕಾಲಿನ ಪಕ್ಕ ಬಗ್ಗಿ, ಗೋಡೆಯಲ್ಲಿದ್ದ ಪ್ಲಗ್ಗನ್ನು ಎಳೆದರು. ಪರದೆ ಕಪ್ಪಾಯಿತು.

“ಎಂಥ ಮಾರಾಯ್ರೆ ಇದು!”

“ಗುಡುಗು,” ಎಂದರು ಮಾಮಿ.

“ಎಲ್ಲಿ ಗುಡುಗು? ಮೋಡವೇ ಇಲ್ಲವಲ್ಲ.”

“ಪುತ್ತೂರು ಕಡೆ ಉಂಟು.”

ಹಿಂದೊಮ್ಮೆ ಸಿಡಿಲಿಗೆ ಪಕ್ಕದ ಮನೆಯ ಟಿವಿ, ಫೋನು ಎರಡೂ ಸುಟ್ಟುಹೋದಂದಿನಿಂದ ಮಾಮಿಗೆ ಇದೊಂದು ವ್ರತವೇ ಆಗಿತ್ತು. ಮೋಡ ಇರಲಿ ಇಲ್ಲದಿರಲಿ, ಅಸರ್ ಬಾಂಗ್ ಆಯಿತೆಂದರೆ ಮನೆಯ ಪ್ಲಗ್ಗುಗಳೆಲ್ಲ ಗೋಡೆಯಿಂದ ಹೊರಗೆ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಹೀಗೇ. ನನಗೂ ಅದು ವಿಚಿತ್ರವಾಗಿ ಕಂಡಿರಲಿಲ್ಲ. ಯುವಕ ಮಾತ್ರ ತಲೆಗೆ ಕೈ ಹೊತ್ತುಕೊಂಡ.

“ಹೀಗೆ ಎಳೆದ್ರೆ ನಾವು ಬದಲಾಯಿಸಿದ್ದು ಒಂದೂ ಅದರಲ್ಲಿ ಉಳಿಯುವುದಿಲ್ಲ ಅಮ್ಮ. ಮೊದಲು ಕ್ರಮದಲ್ಲಿ ಬಂದ್ ಮಾಡ್ಬೇಕು. ಆಮೇಲೆ ವಯರು ಎಳೀರಿ, ಬೇಕಾದ್ರೆ ಗೋಡೆಯನ್ನೇ ಎಳೀರಿ.”

ಮಾಮಿ ನಕ್ಕು ಅವನಿಗೆ ಚಾ ಮಾಡಿ ತಂದರು. ಅವನು ಕನ್ನಡವನ್ನು ಮತ್ತೆ ಕೂರಿಸಿದ. ಗಡಿಯಾರವನ್ನೂ ನಮ್ಮ ಸಮಯಕ್ಕೆ ತರಲು ಹೊರಟಾಗ ನಾನು, “ಅದು ಹಾಗೇ ಇರಲಿ” ಎಂದೆ. ಅವನು ಏಕೆಂದು ಕೇಳಲಿಲ್ಲ, ಒಳ್ಳೆಯದಾಯಿತು. ಇವರು ಈಗ ಎದ್ದಿರಬಹುದು, ಈಗ ಊಟಕ್ಕೆ ಕೂತಿರಬಹುದು ಎಂದು ನೋಡಲು ನನಗೆ ಇದ್ದದ್ದು ಆ ಮೂಲೆಯ ನಾಲ್ಕು ಅಂಕಿಗಳು.

ಅಂದಿನಿಂದ ಅಸರ್‌ಗೆ ಮೊದಲೇ ನಾನು ಕ್ರಮದಲ್ಲಿ ಬಂದ್ ಮಾಡುತ್ತಿದ್ದೆ, ಆಮೇಲೆ ಮಾಮಿ ಪ್ಲಗ್ಗು ಎಳೆಯುತ್ತಿದ್ದರು. ಬೆಳಿಗ್ಗೆ ಕನ್ನಡ ಇರುತ್ತಿತ್ತು. ನಾನು ಬರೆಯತೊಡಗಿದೆ. ಬಸಳೆ ಚಪ್ಪರಕ್ಕೆ ಹಬ್ಬಿದ್ದು, ನೀರಿನ ಪಂಪು ಕೆಟ್ಟದ್ದು, ಅವರು ಬಿಟ್ಟುಹೋದ ಶರಟನ್ನು ಒಗೆಯದೆ ಇಟ್ಟುಕೊಂಡದ್ದು ಎಲ್ಲ ಬರೆದೆ. ಒಂದು ಮಾತು ಮಾತ್ರ ಬರೆಯಲಿಲ್ಲ. ಗಲ್ಫಿನವರ ಹೆಂಡತಿ ‘ಬನ್ನಿ’ ಎಂದು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಅಲ್ಲಿ ದುಡಿಯುವವರ ಮನಸ್ಸು ಕೆಲಸದಲ್ಲಿ ನಿಲ್ಲುವುದಿಲ್ಲ ಎಂದು ನಮ್ಮಲ್ಲಿ ಹೆಂಗಸರೇ ಹೆಂಗಸರಿಗೆ ಕಲಿಸುತ್ತಾರೆ. ನನಗೆ ಅದನ್ನು ಕಲಿಸಿದವರು ಮಾಮಿ. ಇವರು ವಿಮಾನ ಹತ್ತಿದ ದಿನವೇ, ನನ್ನ ಕಣ್ಣು ಒರೆಸುತ್ತಾ ಹೇಳಿದ್ದರು. ಪ್ರತಿ ಈಮೇಲಿನ ಕೊನೆಗೆ ಆ ಮಾತು ಬೆರಳ ತುದಿಗೆ ಬಂದು ನಿಲ್ಲುತ್ತಿತ್ತು, ನಾನು ‘ಆರೋಗ್ಯ ನೋಡಿಕೊಳ್ಳಿ’ ಎಂದು ಮುಗಿಸುತ್ತಿದ್ದೆ.

ಹೀಗಿರುವಾಗ ಅರಬಿ ಮತ್ತೆ ಬಂತು. ಈ ಸಲ ಬೆಳಿಗ್ಗೆ ಅಲ್ಲ, ಮಧ್ಯಾಹ್ನ. ಬೆಳಿಗ್ಗೆ ಕನ್ನಡ ಇರುತ್ತಿತ್ತು. ಕಂಪ್ಯೂಟರ್ ಹಾಗೇ ಬಿಟ್ಟು ಅಡುಗೆ, ಬಟ್ಟೆ, ಸ್ನಾನ ಮುಗಿಸಿ ಬಂದು ಕೂತರೆ ಕರ್ಸರ್ ಬಲಗಡೆ ನಿಂತಿರುತ್ತಿತ್ತು. ಯುವಕನಿಗೆ ಫೋನು ಮಾಡಿದರೆ, “ವೈರಸ್ ಇರ್ಬಹುದು ಅಕ್ಕ, ಬರ್ತೇನೆ” ಎಂದ, ಬರಲಿಲ್ಲ. ನಾನು ಅಂಟಿಸಿದ ಚೀಟಿಗಳಲ್ಲಿ ಕೆಲವು ಎದ್ದು ಬಂದಿದ್ದವು. ಸೆಕೆಗೆ ಟೇಪಿನ ಅಂಟು ಬಿಟ್ಟಿರಬೇಕೆಂದುಕೊಂಡು ಮತ್ತೆ ಅಂಟಿಸಿದೆ. ಮರುದಿನ ಅವೇ ಕೀಗಳ ಚೀಟಿಗಳು ಮತ್ತೆ ಎದ್ದಿದ್ದವು.

ಒಂದು ದಿನ ಬೆಳ್ತಂಗಡಿಗೆ, ನಾದಿನಿಯ ಮನೆಗೆ ಹೊರಟಿದ್ದೆ. ಬಿ.ಸಿ. ರೋಡಿನಲ್ಲಿ ಹತ್ತಿದ ಬಸ್ಸು ಸ್ವಲ್ಪ ದೂರ ಹೋಗಿ ಕೆಟ್ಟು ನಿಂತಿತು. ಬಿಸಿಲಿನಲ್ಲಿ ಕಾಯುವ ತಾಳ್ಮೆ ನನಗೆಂದೂ ಇದ್ದದ್ದಲ್ಲ, ಎದುರಿಂದ ಬಂದ ಬಸ್ಸಿಗೇ ಕೈ ಅಡ್ಡ ಹಿಡಿದು ವಾಪಸಾದೆ. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದರೆ ಚಾವಡಿಯಲ್ಲಿ ಮಾಮಿ ಕಂಪ್ಯೂಟರಿನ ಎದುರು ಕೂತಿದ್ದರು. ಕನ್ನಡಕ ಮೂಗಿನ ತುದಿಯಲ್ಲಿತ್ತು. ಒಂದು ಬೆರಳು ಕೀಗಳ ಮೇಲೆ ಅಕ್ಷರ ಹುಡುಕುತ್ತಿತ್ತು. ಚೀಟಿ ಇದ್ದಲ್ಲಿ ಉಗುರಿನಿಂದ ಮೆಲ್ಲನೆ ಎಬ್ಬಿಸಿ, ಕೆಳಗೆ ನೋಡಿ, ಒತ್ತುತ್ತಿದ್ದರು.

ನನ್ನನ್ನು ಕಂಡು ಎದ್ದೇಬಿಟ್ಟರು.

“ಮಾಮಿ, ಅರಬಿಗೆ ಹೇಗೆ ತಂದಿರಿ ಇದನ್ನು?”

“ನೀನು ಒತ್ತುವ ಎರಡು ಕೀ ಉಂಟಲ್ಲ, ಆ ಮೂಲೆಯದ್ದು. ನೋಡಿ ಇಟ್ಟಿದ್ದೆ. ಹಾಳೇನೂ ಮಾಡ್ಲಿಲ್ಲ ಮಗಳೇ.”

ಪರದೆಯ ಮೇಲೆ ಒಂದೇ ಒಂದು ಸಾಲು ಇತ್ತು. ಅರಬಿ ಅಕ್ಷರ ಕಂಡರೆ ನಮ್ಮ ನಾಲಗೆ ತಾನಾಗಿ ಓದತೊಡಗುತ್ತದೆ, ಅರ್ಥಕ್ಕಾಗಿ ಕಾಯುವ ಅಭ್ಯಾಸವೇ ಇಲ್ಲ. ನಾನೂ ಹಾಗೆಯೇ ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಓದಿ ಮುಗಿಯುವಷ್ಟರಲ್ಲಿ ಅರ್ಥವೂ ಆಗಿತ್ತು. ಅಕ್ಷರ ಮಾತ್ರ ಅರಬಿ, ಮಾತು ನಮ್ಮ ಮನೆಯ ಬ್ಯಾರಿ. ‘ಸಾಕು. ಇನ್ನು ಮನೆಗೆ ಬರಬೇಕು.’ ಇಷ್ಟೇ ಇತ್ತು.

ನಾನು ಮಾಮಿಯನ್ನು ನೋಡಿದೆ. ಅವರು ಗೋಡೆಯ ಪ್ಲಗ್ಗನ್ನು ನೋಡುತ್ತಿದ್ದರು. ಹೇಳಬಾರದೆಂದು ನನಗೆ ಕಲಿಸಿದವರು! ಇಷ್ಟು ವರ್ಷ ತಾವು ಹೇಳಿ ನನ್ನಿಂದ ಬರೆಸಿದ ಒಂದೊಂದು ಕಾಗದದಲ್ಲೂ ಈ ಮಾತನ್ನು ನುಂಗಿಕೊಂಡೇ ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದಿದ್ದರು. ನನ್ನೆದುರು ಹೇಳಲಾಗದೆ ಇದ್ದದ್ದು ಅವರಿಗೂ ಇತ್ತು. ಫೋನಿನ ಪಕ್ಕದಿಂದ ಏಳುವುದಿಲ್ಲವೆಂದು ನಾನು ಅವರನ್ನು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ. ಮಗನ ದನಿ ಆ ರಿಸೀವರಿನಿಂದ ಒಂದಿಷ್ಟು ಹೊರಗೆ ಬರುತ್ತದೆ, ಅದನ್ನು ಕೇಳಲು ಕೂತಿದ್ದರೆಂದು ಆಗ ಹೊಳೆಯಿತು.

ಅವರೇ ಕೇಳಿದರು: “ಇದು ಅವನಿಗೆ ಹೋಗ್ತದಾ?”

“ಹೋಗ್ತದೆ.”

“ಬರೆದದ್ದು ಯಾರು ಅಂತ ಗೊತ್ತಾಗ್ತದಾ?”

“ಇಲ್ಲ ಮಾಮಿ. ಕೈಬರಹ ಅಲ್ಲವಲ್ಲ.”

ಮಾಮಿ ಸೆರಗಿನಿಂದ ಕನ್ನಡಕ ಒರೆಸಿದರು. “ಹಾಗಾದ್ರೆ ಕಳಿಸು” ಎಂದರು.

ಕಳಿಸಿದೆ. ನನ್ನದೊಂದು ಅಕ್ಷರವನ್ನೂ ಅದಕ್ಕೆ ಸೇರಿಸಲಿಲ್ಲ.

ಶುಕ್ರವಾರ ಫೋನು ಬಂತು. ಮಾಮಿ ಎಂದಿನಂತೆ ಮೀನಿನ ಬಗ್ಗೆ, ಮಂಡಿನೋವಿನ ಬಗ್ಗೆ ಹೇಳಿ ರಿಸೀವರ್ ನನಗೆ ಕೊಟ್ಟರು. ಈ ಸಲ ಅವರು ಏಳಲು ಹೊರಟರು. ನಾನು ಕೈ ಹಿಡಿದು ಕೂರಿಸಿಕೊಂಡೆ.

ಇವರು ಊಟ ಆಯ್ತಾ ಎಂದು ಕೇಳಲಿಲ್ಲ. “ಆ ಅರಬಿ ಅಕ್ಷರದ್ದು... ನೀನೇ ಬರೆದದ್ದಾ?” ಎಂದರು.

ನಾನು ಮಾಮಿಯ ಮುಖ ನೋಡಿದೆ. ಅವರು ತಲೆ ತಗ್ಗಿಸಿಕೊಂಡು ವೀಳ್ಯದೆಲೆಯ ನಾರು ತೆಗೆಯುತ್ತಿದ್ದರು.

“ಹೌದು,” ಎಂದೆ. “ನಾನೇ.”

“ನೋಡುವ” ಎಂದರು ಇವರು. ಅವರು ಬಂದದ್ದು ರಜೆಯ ಸರದಿ ಬಂದಾಗಲೇ, ಅದೂ ಎರಡೇ ತಿಂಗಳಿಗೆ. ಪೂರ್ತಿಯಾಗಿ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಆ ಶುಕ್ರವಾರ ಅದು ನಮಗೆ ಗೊತ್ತಿರಲಿಲ್ಲ.

ಫೋನು ಇಟ್ಟ ಮೇಲೆ ಮಾಮಿ ಕೇಳಿದರು, “ಏನಂದ?”

“ನೀನೇ ಬರೆದದ್ದಾ ಅಂತ ಕೇಳಿದ್ರು. ಹೌದು ಅಂದೆ.”

ಮಾಮಿ ಎಲೆ ಮಡಚಿ ನನ್ನ ಕೈಗೆ ಕೊಟ್ಟರು. ತಮ್ಮದನ್ನು ಬಾಯಿಗೆ ಹಾಕಿಕೊಳ್ಳದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಕೂತರು.

“ಸುಳ್ಳೇನೂ ಅಲ್ಲವಲ್ಲ ಮಗಳೇ,” ಎಂದರು.