ಕಲಕದೆ ಬಿಟ್ಟ ನೀರು

ಅಕ್ಕ ತಂಗಿಗೆ ಇಟ್ಟ ಹೆಸರು ಗೂಬೆ. ಪ್ರಯೋಗಾಲಯದ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಹಗಲೆಲ್ಲ ಲೇಸರ್ ಮುಂದೆ ಕೂರುವವಳಿಗೆ ಬೇರೆ ಯಾವ ಹೆಸರು ಒಪ್ಪೀತು? ಪ್ರೋಟೀನಿಗೆ ಅಂಟಿಕೊಂಡ ನೀರು ಎಷ್ಟು ಬೇಗ ಅಲುಗುತ್ತದೆ ಎಂದು ನೋಡುವುದು ಅವಳ ಕೆಲಸ. ಸೆಕೆಂಡನ್ನು ಕೋಟಿ ಕೋಟಿ ಪಾಲು ಮಾಡಿದರೆ ಸಿಗುವಷ್ಟು ಚಿಕ್ಕ ಮಿಂಚೊಂದನ್ನು ಹಾಯಿಸಿ ಪ್ರೋಟೀನನ್ನು ಕೆಣಕುವುದು, ಹಿಂದೆಯೇ ಇನ್ನೊಂದು ಮಿಂಚು ಕಳಿಸಿ ಏನಾಯಿತೆಂದು ವಿಚಾರಿಸುವುದು.

“ನೀರು ನೋಡೋಕೆ ಇಷ್ಟೆಲ್ಲ ಯಾಕೆ? ನಮ್ಮ ಬಚ್ಚಲಿಗೆ ಬಾ, ಬೇಕಾದಷ್ಟು ಅಲುಗುತ್ತೆ,” ಎಂದು ಅಕ್ಕ ಛೇಡಿಸುತ್ತಿದ್ದಳು. ಹೊಲಿಗೆ ಯಂತ್ರ ತುಳಿದು ತಂಗಿಯನ್ನು ಓದಿಸಿದವಳೂ, ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡವಳೂ ಅವಳೇ.

ಗೂಬೆಗೆ ಜೀವಮಾನದಲ್ಲಿ ಸಿಕ್ಕಿದ್ದು ಅಳತೆಯ ಪರದೆಯ ಮೇಲೆ ಮೂಡಿದ ಒಂದೇ ಒಂದು ಗೆರೆ. ಪ್ರೋಟೀನಿನ ಪಕ್ಕದ ನೀರು ಯಾರೂ ಎಣಿಸದಷ್ಟು ನಿಧಾನ ಎಂದು ತೋರಿಸಿದ ಗೆರೆ. ಗಾಜಿನ ಪುಟ್ಟ ಡಬ್ಬಿಯಲ್ಲಿ ದ್ರಾವಣವನ್ನು ಕಲಕುತ್ತಿರಲು ಅಯಸ್ಕಾಂತದ ಚಿಕ್ಕ ಕಡ್ಡಿ ಇರುತ್ತದೆ. ಅದು ತಿರುಗಿದರೆ ಗೆರೆ ನಡುಗುತ್ತಿತ್ತು. ಒಂದು ದಿನ ಬೇಸತ್ತು ಅದನ್ನು ನಿಲ್ಲಿಸಿದಳು. ಗೆರೆ ನೂಲು ಹಿಡಿದಂತೆ ಬಂತು. ಆಗಲೇ ಅಕ್ಕನ ಫೋನು: “ಅಮ್ಮ ನಿನ್ನ ಕೇಳ್ತಿದ್ದಾಳೆ, ಬೇಗ ಬಾ.”

“ಇದೊಂದು ಮುಗಿಸಿ ಬರ್ತೀನಿ,” ಎಂದಳು. ಮುಗಿಸಿ ಬರುವಷ್ಟರಲ್ಲಿ ಅಮ್ಮ ಇರಲಿಲ್ಲ.

ಅಕ್ಕ ಬಯ್ಯಲಿಲ್ಲ. “ಹೋಗ್ಲಿ ಬಿಡು, ಅಷ್ಟು ದೊಡ್ಡದು ಸಿಕ್ತಲ್ಲ ನಿಂಗೆ,” ಎಂದಳು. ಇಬ್ಬರೂ ಆ ಮಾತನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ಬದುಕಿದರು. ಗೂಬೆ ಆಮೇಲೆ ಎಂದೂ ಕಲಕಲಿಲ್ಲ.

ಈಚೆಗೆ ಕಿಟಕಿಯ ಬಟ್ಟೆಯನ್ನು ಒಗೆಯಲು ಬಿಚ್ಚಿದ್ದರು. ಕೋಣೆಯಲ್ಲಿ ಎಂದೂ ಇಲ್ಲದ ಬಿಸಿಲು. ತೊಳೆಯಲೆಂದು ಡಬ್ಬಿ ಎತ್ತಿದರೆ, ಲೇಸರ್ ಬೀಳುವ ಜಾಗದಲ್ಲಿ ಗಾಜಿನ ಒಳಗೆ ಬಿಳಿ ಚುಕ್ಕೆಯೊಂದು ಅಂಟಿತ್ತು, ಬೇಯಿಸಿದ ಮೊಟ್ಟೆಯ ಬಿಳಿಯಂತೆ. ಬಟ್ಟೆ ಮತ್ತೆ ಕಟ್ಟಿಸಿ, ಹೊಸ ದ್ರಾವಣ ಹಾಕಿ, ಕಡ್ಡಿ ತಿರುಗಿಸಿ, ಗೆರೆ ನಡುಗಿದರೂ ಬಿಡದೆ ಮತ್ತೆ ಮತ್ತೆ ಅಳೆದಳು. ನೀರಿನಲ್ಲಿ ಆ ನಿಧಾನವೆಂಬುದೇ ಇರಲಿಲ್ಲ. ಕಲಕದೆ ಬಿಟ್ಟದ್ದಕ್ಕೆ ಒಂದೇ ಜಾಗಕ್ಕೆ ಬೆಳಕು ಬಿದ್ದು ಬಿದ್ದು ಪ್ರೋಟೀನು ಬೆಂದುಹೋಗುತ್ತಿತ್ತು. ಇಷ್ಟು ವರ್ಷ ಅವಳು ಅಳೆದದ್ದು ಆ ಬೆಂದದ್ದನ್ನು.

ಮನೆಯಲ್ಲಿ ಅಕ್ಕ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಎಲ್ಲ ಕೇಳಿಸಿಕೊಂಡು, “ಇನ್ನೊಂದ್ಸಲ ಮಾಡಿದ್ರಾಯ್ತು ಬಿಡೇ,” ಎಂದಳು.

“ಮಾಡಿದೆ ಅಕ್ಕ. ಅಲ್ಲಿ ಏನೂ ಇಲ್ಲ.”

ಸೂಜಿ ನಿಂತಿತು. “ಅಮ್ಮ ಹೋದ ದಿನದ್ದು?”

“ಅದೂ ಅಷ್ಟೇ.”

ಅಕ್ಕ ದಾರ ಕಡಿದು, ಅಂಗಿ ಮಡಚಿಟ್ಟಳು. “ಅವತ್ತು ನೀನು ಬರ್ತೀಯ ಅಂತ ಅಮ್ಮ ಕೊನೇವರೆಗೂ ಬಾಗಿಲ ಕಡೇನೇ ನೋಡ್ತಿದ್ಲು,” ಎಂದಳು. “ನಿಂಗೆ ಹೇಳಿರ್ಲಿಲ್ಲ.”