ಬ್ಲೇಡಿಲ್ಲದ ರೇಜರ್

ನಮ್ಮ ಯಶವಂತನಿಗೆ ದೇವರ ಕೋಣೆಗಿಂತ ಬಚ್ಚಲಿನ ಗೂಡಿನ ಮೇಲೆಯೇ ಹೆಚ್ಚು ಭಕ್ತಿ. ಇದನ್ನು ನಾನು ಅವನ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಅವನು ನನ್ನ ಚಿಕ್ಕಪ್ಪನ ಮಗ. ಮುತ್ತಿನಕೊಪ್ಪದಲ್ಲಿ ಒಂದೇ ಗೋಡೆಯ ಆಚೀಚೆ ನಮ್ಮ ಮನೆಗಳು. ನಾನು ಯಮುನ, ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅವನು ನಮ್ಮೂರಿನಿಂದ ಹೊರಟು ನರಸಿಂಹರಾಜಪುರ, ಕೊಪ್ಪ, ಹರಿಹರಪುರದ ಮೇಲೆ ಶೃಂಗೇರಿಗೆ ಹೋಗಿಬರುವ ಖಾಸಗಿ ಬಸ್ಸಿನ ಕಂಡಕ್ಟರ್, ನಾನು ಶಾಲೆಗೆ ಹೋಗುವುದೂ ಅದೇ ಬಸ್ಸಿನಲ್ಲಿ.

ವಾರಕ್ಕೆ ಏಳು ದಿನವಿದ್ದರೂ ಅವನ ಕ್ಷೌರಕ್ಕೆ ಸಿಗುತ್ತಿದ್ದದ್ದು ನಾಲ್ಕೇ. ಮಂಗಳವಾರ, ಶುಕ್ರವಾರ, ಶನಿವಾರ ರೇಜರ್ ಮುಟ್ಟಲು ಅವನ ತಾಯಿ, ನನ್ನ ಚಿಕ್ಕಮ್ಮ ಗಿರಿಯಮ್ಮ ಬಿಡುತ್ತಿರಲಿಲ್ಲ. ಉಳಿದ ನಾಲ್ಕಕ್ಕೆ ಅವನು ಹಾಕಿಕೊಂಡಿದ್ದ ಯೋಜನೆಯನ್ನು ಜನ ಮದುವೆಗೂ ಹಾಕುವುದಿಲ್ಲ. ಭಾನುವಾರ ಪುರುಸೊತ್ತಿನ ದಿನ. ಅಪ್ಪನ ಕಾಲದ ಭಾರದ ರೇಜರ್, ಬಟ್ಟಲಲ್ಲಿ ಕಲಸುವ ಗಂಧದ ಸೋಪು. ಸೋಮವಾರ ಬಸ್ಸು ಕಿಕ್ಕಿರಿಯುತ್ತದೆಂದು ಪ್ಲಾಸ್ಟಿಕ್ ಹಿಡಿಯ ಹಗುರ ರೇಜರ್, ಟ್ಯೂಬಿನ ಕ್ರೀಮು. ಬುಧವಾರ, ಕೊಪ್ಪದ ಮುದುಕರೊಬ್ಬರು ಕ್ಷೌರದಂಗಡಿ ಮುಚ್ಚುವಾಗ ಇವನಿಗೆ ಕೊಟ್ಟ ಮಡಚುವ ಕತ್ತಿ, ಆಮೇಲೆ ಕೆನ್ನೆಗೆ ಪಟಿಕದ ತುಂಡು. ಗುರುವಾರ, ನನ್ನ ಯಜಮಾನರು ಮುಂಬೈಯಿಂದ ತಂದುಕೊಟ್ಟ ರೇಜರ್. ಅದರ ಹಿಡಿ ತಿರುಗಿಸಿದರೆ ತಲೆ ಎರಡು ಬಾಗಿಲಾಗಿ ತೆರೆದುಕೊಂಡು ಬ್ಲೇಡನ್ನು ನುಂಗುತ್ತಿತ್ತು. ಅದರ ಜೊತೆಗೆ ಮೂಗು ಉರಿಸುವ ನಿಂಬೆ ವಾಸನೆಯ ಲೋಷನ್. ಬ್ರಷ್ ಎರಡು, ಒಂದು ಒಣಗುವಾಗ ಇನ್ನೊಂದಕ್ಕೆ ಕೆಲಸ. ಎಲ್ಲವನ್ನೂ ಗೂಡಿನಲ್ಲಿ ಎಡದಿಂದ ಬಲಕ್ಕೆ ವಾರದ ಸಾಲಿನಲ್ಲೇ ಇಟ್ಟಿರುತ್ತಿದ್ದ. ಬಸ್ಸಿನ ಹೆಂಗಸರು ಇವನು ಟಿಕೆಟ್ ಕೊಡಲು ಬಗ್ಗಿದಾಗ ಮೂಸಿ, “ಓ, ಇವತ್ತು ಗುರುವಾರ” ಎಂದು ನಗುತ್ತಿದ್ದರು.

ಬಸುರಿಯ ಗಂಡ ಕ್ಷೌರ ಮಾಡಿಕೊಳ್ಳಬಾರದು ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವನ ಹೆಂಡತಿ ಚೈತ್ರ ಮೊದಲು ಬಸುರಿಯಾದಾಗ ಚಿಕ್ಕಮ್ಮ ಹೇಳಿದರು, ಅವನು ನಕ್ಕ. ನಾನೂ ನಕ್ಕೆ. ಗಡ್ಡಕ್ಕೂ ಗರ್ಭಕ್ಕೂ ಎಂತ ಸಂಬಂಧ ಎಂದೆ. ಈಗಲೂ ಹಾಗೆಯೇ ಹೇಳುತ್ತೇನೆ. ಆರನೇ ತಿಂಗಳಲ್ಲಿ, ಒಂದು ಬುಧವಾರ ಮಧ್ಯಾಹ್ನ, ಮಗು ಹೋಯಿತು. ಡಾಕ್ಟರ್ ಕಾರಣ ಹೇಳಿದರು. ಕಾರಣ ನನಗೆ ಅರ್ಥವಾಯಿತು, ಅವನಿಗೆ ಬೇಕಾಗಿರಲಿಲ್ಲ.

“ಯಮುನಕ್ಕ, ಬೆಳಿಗ್ಗೆ ಕತ್ತಿ ಎಳೀವಾಗ ಎಂತೋ ಹರಿದಂಗೆ ಸದ್ದು ಕೇಳ್ತು” ಎಂದ.

“ಅದು ಗಡ್ಡದ ಸದ್ದು ಕಣೋ.”

“ಗಡ್ಡದ ಸದ್ದು ನಂಗೆ ಗೊತ್ತಿಲ್ವಾ? ಅದಲ್ಲ.”

ಕತ್ತಿಯನ್ನು ಡಬ್ಬದಲ್ಲಿ ಹಾಕಿ ಅಟ್ಟಕ್ಕೆ ಎತ್ತಿಟ್ಟ. ಗೂಡಿನಲ್ಲಿ ಅದರ ಜಾಗಕ್ಕೆ ಬೇರೇನನ್ನೂ ಇಡಲಿಲ್ಲ. ಬುಧವಾರ ಬಂದರೆ ನೊರೆ ಹಚ್ಚಿಕೊಂಡು ಆ ಖಾಲಿ ಜಾಗವನ್ನು ನೋಡುತ್ತಾ ನಿಂತುಬಿಡುತ್ತಿದ್ದ. ನೊರೆ ಕೆನ್ನೆಯ ಮೇಲೆ ಒಣಗಿ ಬಿರಿಯುತ್ತಿತ್ತು. ನಮ್ಮ ಬಚ್ಚಲಿಗೂ ಅವರ ಬಚ್ಚಲಿಗೂ ನಡುವೆ ಇರುವುದು ಮೋಟು ಗೋಡೆ. ಬೇರೆ ದಿನ ನಲ್ಲಿಯ ಸದ್ದು, ರೇಜರ್ ಕುಟ್ಟುವ ಸದ್ದು ಕೇಳುತ್ತಿತ್ತು. ಬುಧವಾರ ಏನೂ ಇಲ್ಲ. ಆ ಏನೂ ಇಲ್ಲದ್ದು ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಎರಡನೆಯ ಸಲ ಯಾರೂ ಹೇಳುವ ಮೊದಲೇ ಗಡ್ಡ ಬಿಟ್ಟ. ಕಂಡಕ್ಟರ್ ಗಡ್ಡ ಬಿಟ್ಟರೆ ಆ ಸುದ್ದಿ ಮುತ್ತಿನಕೊಪ್ಪದಿಂದ ಶೃಂಗೇರಿಯವರೆಗೆ ಟಿಕೆಟ್ ಇಲ್ಲದೆ ಹೋಗುತ್ತದೆ. ಹೆಂಗಸರು ನಗುತ್ತಾ “ಎಷ್ಟನೇ ತಿಂಗಳೋ?” ಎಂದು ಕೇಳುವರು, ಇವನು ನಾಚಿ ಪೀಪಿ ಊದುವನು. ಏಳನೇ ತಿಂಗಳಲ್ಲಿ ಅದೂ ಹೋಯಿತು. ಇನ್ನು ಗಡ್ಡ ಇಟ್ಟುಕೊಂಡು ಏನು ಮಾಡುವುದು ಎಂದು ಚಿಕ್ಕಮ್ಮನೇ ತೆಗೆಸಿದರು. ಮಾರನೆಯ ದಿನ ನುಣ್ಣನೆಯ ಕೆನ್ನೆಯಲ್ಲಿ ಬಸ್ಸು ಹತ್ತಿದ. ಯಾರೂ ಒಂದು ಮಾತು ಕೇಳಲಿಲ್ಲ. ಆ ದಿನ ಯಾರೂ ಅವನ ಹತ್ತಿರ ಬಾಕಿ ಚಿಲ್ಲರೆಯನ್ನೂ ಕೇಳಲಿಲ್ಲವಂತೆ. ಅವನು ಅತ್ತದ್ದು ಆ ಚಿಲ್ಲರೆಗೆ.

ಮೂರನೆಯ ಸಲ, ಎರಡು ಸಾವಿರದ ನಾಲ್ಕರಲ್ಲಿ, ಚೈತ್ರಳಿಗೆ ಮತ್ತೆ ದಿನ ನಿಂತಿತು. ಈ ಮಗುವಾದರೂ ಉಳಿಯಬೇಕು. ಮನೆಯಲ್ಲಿ ಬೇರೆ ಪ್ರಾರ್ಥನೆಯೇ ಇರಲಿಲ್ಲ. ಯಶವಂತ ಅಂದಿನಿಂದಲೇ ಬ್ಲೇಡು ಬಿಟ್ಟ, ವಾರದ ಸಾಲನ್ನು ಮಾತ್ರ ಬಿಡಲಿಲ್ಲ. ಆಯಾ ದಿನದ ಸೋಪು ಕಲಸಿ ಗಡ್ಡದ ಮೇಲೆಲ್ಲಾ ಬಿಳಿ ಮಾಡಿಕೊಂಡು, ಬ್ಲೇಡು ತೆಗೆದಿಟ್ಟ ರೇಜರಿನಿಂದ ಆ ನೊರೆಯನ್ನು ಎಳೆದೆಳೆದು ತೆಗೆಯುತ್ತಿದ್ದ. ಆಮೇಲೆ ಗಡ್ಡಕ್ಕೇ ಲೋಷನ್. ಬುಧವಾರ ಮೊದಲಿನ ಹಾಗೇ ನೊರೆ ಹಚ್ಚಿಕೊಂಡು ನಿಲ್ಲುವುದು.

“ಎಂತಕ್ಕೋ ಈ ನಾಟಕ?” ಎಂದು ಗೋಡೆಯ ಈಚೆಯಿಂದ ಕೇಳಿದೆ.

“ಕೈ ಸುಮ್ನಿದ್ರೆ ತಲೆ ಸುಮ್ನಿರಲ್ಲ ಯಮುನಕ್ಕ.”

ಒಂದು ಮಾತನ್ನು ಚೈತ್ರ ನನ್ನ ಬಳಿ ಹೇಳಿಕೊಂಡಿದ್ದಳು. ಈ ಸಲ ಅವನು ಅವಳ ಹೊಟ್ಟೆಯನ್ನು ಒಂದು ದಿನವೂ ಮುಟ್ಟಿರಲಿಲ್ಲ. ರೇಜರ್ ಹಿಡಿಯುವ ಕೈ ಎಂದು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದನಂತೆ. ಎಂಟನೇ ತಿಂಗಳಿಗೆ ಅವಳು ಶೃಂಗೇರಿ ಹತ್ತಿರದ ಮೆಣಸೆಗೆ, ತವರಿಗೆ ಹೋದಳು. ಅವಳ ತವರಿನ ಫೋನು ವಾರದಿಂದ ಕೆಟ್ಟಿತ್ತು. ಕೊಪ್ಪದಲ್ಲಿ ಮಾಡಿಸಿದ್ದ ಸ್ಕ್ಯಾನಿನ ರಿಪೋರ್ಟನ್ನು ಗುರುವಾರ ಬಸ್ಸಿನಲ್ಲಿ ಹೋಗುವಾಗ ಇವನೇ ಇಸಿದುಕೊಂಡು ತಲುಪಿಸಬೇಕಿತ್ತು.

ಆ ವಾರದ ಮೊದಲಿಗೆ ಚೈತ್ರಳ ತಮ್ಮ ವಿಜಯ್ ಶಿವಮೊಗ್ಗಕ್ಕೆ ಯಾವುದೋ ಇಂಟರ್‌ವ್ಯೂಗೆ ಹೋಗುವವನು ಇವರ ಮನೆಯಲ್ಲಿ ಉಳಿದ. ಬೆಳಿಗ್ಗೆ ಎದ್ದು ಭಾವನ ಮುಂಬೈ ರೇಜರಿಗೆ ಹೊಸ ಬ್ಲೇಡು ಹಾಕಿ ನುಣ್ಣಗೆ ಕ್ಷೌರ ಮಾಡಿಕೊಂಡು, ತೊಳೆದು, ಅದರ ಬಾಗಿಲು ಮುಚ್ಚಿ, ಇದ್ದಲ್ಲಿಯೇ ಇಟ್ಟು ಹೋದ. ಒಳ್ಳೆಯ ಹುಡುಗ. ಬ್ಲೇಡು ತೆಗೆಯಬೇಕೆಂದು ಅವನಿಗಾದರೂ ಹೇಗೆ ಗೊತ್ತು?

ಗುರುವಾರ ಬೆಳಿಗ್ಗೆ ಗೋಡೆಯಾಚೆಯಿಂದ ನಿಂಬೆಯ ವಾಸನೆ ಬರಬೇಕಿತ್ತು, ಬರಲಿಲ್ಲ. ಆಗ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಡೆದದ್ದು ಇಷ್ಟು. ಕೆನ್ನೆಯ ಮೇಲ್ಭಾಗದಲ್ಲಿ, ಗಡ್ಡ ತೆಳುವಿದ್ದ ಕಡೆ, ನೊರೆ ತೆಗೆಯಲು ಒಂದು ಎಳೆತ ಎಳೆದ. ರೇಜರ್ ಹಿಂದೆಯೇ ಎರಡು ಬೆರಳಗಲ ಬರಿಯ ಚರ್ಮ ಬಂತು. ಆ ಚರ್ಮ ಇಷ್ಟು ತಿಂಗಳು ಬಿಸಿಲು ಕಾಣದೆ ಬೆಳ್ಳಗಾಗಿತ್ತು. ಅವನು ಕನ್ನಡಿಯನ್ನು ನೋಡುತ್ತಾ ನಿಂತ. ಅರ್ಧ ಕೆನ್ನೆಯಲ್ಲಿ ಬಸ್ಸು ಹತ್ತಿದರೆ ಊರಿಗೆಲ್ಲಾ ಉತ್ತರ ಕೊಡಬೇಕು. ಮುಟ್ಟಬಾರದ್ದನ್ನು ಹೇಗೂ ಮುಟ್ಟಿಯಾಗಿತ್ತು. ಕತ್ತರಿ ತಂದು ಎಲ್ಲವನ್ನೂ ಕತ್ತರಿಸಿ, ನುಣ್ಣಗೆ ಬೋಳಿಸಿ, ಕಣ್ಣಿನವರೆಗೆ ಮಫ್ಲರ್ ಸುತ್ತಿಕೊಂಡ. ತಾಯಿಗೂ ಮುಖ ತೋರಿಸದೆ ಹೊರಟ. ಚಳಿಗಾಲವಾದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ಹಲ್ಲುನೋವು ಎಂದ, ನಂಬಿದೆ.

ಪೀಪಿ ಊದಬೇಕಲ್ಲ, ಮಫ್ಲರ್ ಎಷ್ಟು ಹೊತ್ತು ನಿಂತೀತು. ನರಸಿಂಹರಾಜಪುರದಲ್ಲಿ ನಾನು ಇಳಿಯಲು ಎದ್ದು ನಿಂತಿದ್ದೆ. ಕೊಪ್ಪಕ್ಕೆ ವೀಳ್ಯದೆಲೆ ಮಾರಲು ಹೋಗುವ ಸೀತಕ್ಕ ಬುಟ್ಟಿ ಹಿಡಿದು ಹತ್ತಿದಳು. ಇವನ ಮಫ್ಲರ್ ಗದ್ದಕ್ಕೆ ಜಾರಿತ್ತು. ಸೀತಕ್ಕ ಬುಟ್ಟಿಯನ್ನು ಕೆಳಗಿಟ್ಟು, ಎರಡು ಕೈಯಲ್ಲೂ ಅವನ ಬರಿಯ ಕೆನ್ನೆಯನ್ನು ಹಿಡಿದುಕೊಂಡಳು.

“ಇದೂ ಹೋಯ್ತಾ ಮಗಾ?”

ಸೀತಕ್ಕನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದನ್ನು ಕಂಡು ಅವನ ಮುಖ ಬೂದಿಯಾಯಿತು. ಬ್ಲೇಡಿನ ವಿಷಯ ನನಗೆ ಗೊತ್ತಿರಲಿಲ್ಲ. ನಾನೂ ಕೆನ್ನೆಯನ್ನೇ ನೋಡಿದೆ, ನಾನೂ ನಂಬಿದೆ. ಮೆಣಸೆಯಿಂದ ಬೆಳಿಗ್ಗೆ ಯಾರೋ ಸುದ್ದಿ ತಂದಿರಬೇಕು, ಬಾಯಿಬಿಟ್ಟು ಹೇಳಲಾರದೆ ಮುಚ್ಚಿಕೊಂಡು ಬಂದಿದ್ದಾನೆ ಎಂದುಕೊಂಡೆ. ಶಾಲೆಗೆ ಇಳಿಯದೆ ಮತ್ತೆ ಕುಳಿತೆ.

ಆ ಬಸ್ಸಿನ ದಾರಿಯನ್ನು ನಾನಿನ್ನೂ ಮರೆತಿಲ್ಲ. ಹತ್ತಿದವರು ಅವನ ಮುಖ ನೋಡುವರು, ಪಕ್ಕದವರ ಮುಖ ನೋಡುವರು, ಕುಳಿತುಕೊಳ್ಳುವರು. ಯಾರೂ ಚಿಲ್ಲರೆ ಕೇಳಲಿಲ್ಲ. ಕೊಪ್ಪದಲ್ಲಿ ರಿಪೋರ್ಟ್ ಇಸಿದುಕೊಳ್ಳುವುದು ಅವನಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಶೃಂಗೇರಿಯಲ್ಲಿ ಡ್ರೈವರ್ ಸುಬ್ಬರಾಯ ಇಂಜಿನ್ ಆರಿಸಿ, “ನೀ ಹೋಗು ಮಾರಾಯ, ವಾಪಸ್ ಟ್ರಿಪ್ ನಾ ನೋಡ್ಕೊಳ್ತೀನಿ” ಎಂದು ಅವನ ಬೆನ್ನು ತಟ್ಟಿದ. ನಾವಿಬ್ಬರೂ ಆಟೋ ಹತ್ತಿದೆವು.

“ಸುದ್ದಿ ಯಾರು ತಂದ್ರೋ?” ಎಂದು ಕೇಳಿದೆ.

“ಸೀತಕ್ಕ ಹೇಳಿದ್ಲಲ್ಲ.”

“ಅದಕ್ಕೂ ಮೊದ್ಲು?”

“ಮೊದ್ಲು ಯಾರೂ ಹೇಳಿಲ್ಲ. ರೇಜರಲ್ಲಿ ಬ್ಲೇಡ್ ಇತ್ತು ಯಮುನಕ್ಕ.” ಬೆಳಗಿನದನ್ನೆಲ್ಲಾ ಹೇಳಿದ, ಬ್ಲೇಡು ಬಿಟ್ಟವನು ವಿಜಯ್ ಇರಬೇಕು ಎಂದೂ ಹೇಳಿದ.

ನನಗೆ ಮೈಯೆಲ್ಲಾ ಉರಿದುಹೋಯಿತು. “ಕತ್ತೆ! ಅವಳು ನಿನ್ ಕೆನ್ನೆ ನೋಡಿ ಕೇಳಿದ್ದು. ನೀನು ಅವಳ ಕಣ್ಣೀರು ನೋಡಿ ನಂಬಿದ್ದು. ಯಾರಿಗೂ ಎಂತದೂ ಗೊತ್ತಿಲ್ಲ ಕಣೋ!” ಎಂದು ಆಟೋದವನು ತಿರುಗಿ ನೋಡುವಂತೆ ಕೂಗಿದೆ.

“ಇಲ್ಲ ಯಮುನಕ್ಕ. ಆ ಸದ್ದು ಕೇಳ್ತು. ಮೊದಲನೇ ಸಲ ಕೇಳಿದ್ದೇ” ಎಂದ. ಅಷ್ಟು ಮೆತ್ತಗೆ ಹೇಳಿದನಲ್ಲ, ನನ್ನ ಸಿಟ್ಟೆಲ್ಲ ಇಳಿದು ಅದರ ಜಾಗದಲ್ಲಿ ಭಯ ಬಂದು ಕುಳಿತಿತು.

ಮೆಣಸೆಯ ಮನೆಯ ಜಗಲಿಯಲ್ಲಿ ಚೈತ್ರ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಾ ಕುಳಿತಿದ್ದಳು. ಹೊಟ್ಟೆ ತುಂಬಿಕೊಂಡೇ ಇತ್ತು. ದೇವರೇ, ಎಂದು ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವಳು ತಲೆಯೆತ್ತಿ ಗಂಡನ ಬರಿಯ ಕೆನ್ನೆಯನ್ನು ನೋಡಿದಳು. ಮೊರ ವಾಲಿತು. ಕಾಳು ಅಂಗಳಕ್ಕೆಲ್ಲಾ ಚೆಲ್ಲಿತು.

“ರಿಪೋರ್ಟಲ್ಲಿ ಎಂತ ಬಂತು?”

ಅವನು ತಲೆ ತಗ್ಗಿಸಿದ. ನಾನು ಓಡಿಹೋಗಿ, ರಿಪೋರ್ಟ್ ತಂದೇ ಇಲ್ಲ, ವಿಜಯ್ ಬ್ಲೇಡು ಬಿಟ್ಟು ಹೋಗಿದ್ದ, ಅಷ್ಟೇ ಕಣೇ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳ ಕಿವಿಗೆ ಒಂದೂ ಬೀಳಲಿಲ್ಲ.

“ಸುಳ್ಳು ಹೇಳ್ಬೇಡಿ ಅಕ್ಕ. ಬೆಳಿಗ್ಗೆಯಿಂದ ಅಲ್ಲಾಡಿಲ್ಲ ಇದು. ಮಲಗಿರಬೇಕು ಅಂದ್ಕೊಂಡಿದ್ದೆ.”

ವಿಜ್ಞಾನದ ಮೇಷ್ಟ್ರಮ್ಮನ ಬಾಯಿ ಅಲ್ಲಿಗೆ ಕಟ್ಟಿತು. ಮಕ್ಕಳು ಹೊಟ್ಟೆಯಲ್ಲಿ ನಿದ್ದೆ ಮಾಡುತ್ತವೆ ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಆ ಬೋಳು ಕೆನ್ನೆ ನನ್ನನ್ನೂ ನೋಡುತ್ತಿರುವ ಹಾಗಿತ್ತು.

ಚೈತ್ರ ಅಳಲಿಲ್ಲ. ಗಂಡನ ಬಲಗೈ ಹಿಡಿದು ಎಳೆದಳು. ಅವನು ಹಿಂದಕ್ಕೆಳೆದುಕೊಂಡ. “ಬೇಡ ಚೈತ್ರ, ಈ ಕೈ ಬೇಡ.”

“ಈ ಕೈನೇ ಬೇಕು. ಹೋಗಿದ್ರೆ ಇಬ್ರಿಗೂ ಒಟ್ಟಿಗೇ ಗೊತ್ತಾಗ್ಲಿ. ಎರಡು ಸಲ ನಾನೊಬ್ಬಳೇ ತಿಳ್ಕೊಂಡು ಆಮೇಲೆ ನಿಮಗೆ ಹೇಳಿದ್ದೀನಿ. ನನ್ ಕೈಲಿ ಇನ್ನಾಗಲ್ಲ ರೀ.”

ಅವನ ಅಂಗೈಯನ್ನು ಹೊಟ್ಟೆಗೆ ಒತ್ತಿಕೊಂಡಳು. ಇಬ್ಬರೂ ಜಗಲಿಯ ಮೇಲೆ ಹಾಗೇ ಕುಳಿತರು. ಕೋಳಿಗಳು ಬಂದು ಚೆಲ್ಲಿದ ಕಾಳು ಹೆಕ್ಕತೊಡಗಿದವು, ಓಡಿಸುವವರಿಲ್ಲ. ಒಳಗೆ ಅವಳ ಅಮ್ಮ ಒಲೆ ಊದುವ ಸದ್ದು ಕೇಳುತ್ತಿತ್ತು. ನಾನು ಕಂಬ ಹಿಡಿದು ನಿಂತಿದ್ದೆ. ಕೋಳಿಗಳು ಕಾಳನ್ನೆಲ್ಲಾ ತಿಂದು ಮುಗಿಸಿದವು.

ಆಮೇಲೆ ಯಶವಂತ ಸುಟ್ಟುಕೊಂಡವನಂತೆ ಕೈ ಕಿತ್ತುಕೊಂಡ. ಬೆದರಿ ತನ್ನ ಅಂಗೈಯನ್ನು ನೋಡಿಕೊಂಡ.

“ಒದೀತು” ಎಂದ. “ಚೈತ್ರ, ನನಗೆ ಒದೀತು.”

ಅವಳು ಆಗ ಅತ್ತಳು. ಅತ್ತು, ಅವನ ಬೋಳು ಕೆನ್ನೆಗೆ ರಪ್ಪನೆ ಒಂದು ಬಾರಿಸಿ, ಮತ್ತೆ ಅತ್ತಳು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಹೆಣ್ಣು ಹುಟ್ಟಿತು, ದಿವ್ಯ ಎಂದು ಹೆಸರಿಟ್ಟರು. ಈಗ ಅದು ಶಾಲೆಗೆ ಹೋಗುತ್ತದೆ, ಬಾಯಿ ನನ್ನದೇ. ಯಶವಂತನ ವಾರದ ಸಾಲು ಮತ್ತೆ ನಡೆಯುತ್ತಿದೆ. ಆದರೆ ಕ್ಷೌರವಾದ ದಿನ ಅವನು ಸೀದಾ ಬಸ್ಸಿಗೆ ಹೋಗುವುದಿಲ್ಲ. ಒದ್ದೆ ಕೆನ್ನೆಯಲ್ಲೇ ಬಂದು, ಮಲಗಿರುವ ಮಗಳ ಬೆನ್ನಿನ ಮೇಲೆ ಅಂಗೈಯಿಟ್ಟು ಕಾಯುತ್ತಾನೆ. ಉಸಿರಾಡುವುದು ಕೈಗೆ ತಿಳಿದರೂ ಅವನಿಗೆ ಸಾಲದು, ಎಬ್ಬಿಸಿಯೇ ಎಬ್ಬಿಸುತ್ತಾನೆ. “ಮಲಗಕ್ಕೆ ಬಿಡಲ್ವಲ್ಲ ಮಾರಾಯ ನೀನು!” ಎಂದು ಅವಳು ಕಣ್ಣು ಮುಚ್ಚಿಕೊಂಡೇ ಅಪ್ಪನಿಗೆ ಬೈಯುತ್ತಾಳೆ. ಆ ಬೈಗುಳ ಗೋಡೆಯ ಈಚೆ ನನಗೂ ಕೇಳಿಸುತ್ತದೆ. ಅದು ಕೇಳಿದ ಮೇಲೆಯೇ ನಾನೂ ಒಲೆ ಹಚ್ಚುವುದು.